ಮುತ್ತಜ್ಜನ ಮೂರು ಕಲ್ಲು

ನಮ್ಮ ಮುತ್ತಜ್ಜ ಈ ದೇಶಕ್ಕಾಗಿ ಪ್ರಾಣ ಕೊಟ್ಟರು ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಈ ಮಾತಿನಲ್ಲಿ ನಾನು ತಕರಾರಿಲ್ಲದೆ ಒಪ್ಪುವುದು 'ಮುತ್ತಜ್ಜ' ಎಂಬುದೊಂದನ್ನೇ. ಉಳಿದದ್ದಕ್ಕೆಲ್ಲ ಪುರಾವೆ ಬೇಕು. 'ಈ ದೇಶ' ಎಂದರೆ ಯಾವುದು? ಅವರು ತೀರಿಕೊಂಡಾಗ ಒಮಾನಿನ ಬೆಟ್ಟದ ಸೀಮೆ ಇಮಾಮನ ಕಡೆಗಿತ್ತು, ಕರಾವಳಿ ಸುಲ್ತಾನನ ಕಡೆಗೆ. ಸುಲ್ತಾನನ ಬೆನ್ನಿಗೆ ಬ್ರಿಟಿಷರ ಪಡೆ ನಿಂತಿತ್ತು. ಅವರ ವಿಮಾನಗಳು ಬೆಟ್ಟದ ಹಳ್ಳಿಗಳ ಮೇಲೆ ಬಾಂಬು ಹಾಕುತ್ತಿದ್ದವು. 'ಕೊಟ್ಟರು' ಎಂದರೆ, ಕೇಳಿದವರು ಯಾರು? ಮುತ್ತಜ್ಜ ಸೈನಿಕರಲ್ಲ, ಆ ಪಡೆಯ ಕ್ಯಾಂಪಿನಲ್ಲಿ ಅಡುಗೆಯವರು. ದಕ್ಷಿಣ ಕನ್ನಡದ ಕಡಲ ಬದಿಯ ಹಳ್ಳಿಯಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಹಡಗಿನಲ್ಲಿ ಮಸ್ಕತ್ತಿಗೆ ಬಂದ ಬ್ಯಾರಿ. ಬ್ರಿಟಿಷರು ನಮ್ಮೂರು ಬಿಟ್ಟು ಹತ್ತು ವರ್ಷ ಕಳೆದ ಮೇಲೆ, ಅವರನ್ನು ಹುಡುಕಿಕೊಂಡು ಬಂದು ರೊಟ್ಟಿ ಬೇಯಿಸಿ ಕೊಟ್ಟವರು. ನಾನು ಹೀಗೆ ಹೇಳಿದಾಗಲೆಲ್ಲ ಉಮ್ಮ, "ನಿನ್ನ ನಾಲಿಗೆಗೆ ಕಾಲೇಜಿನವರು ಕಪ್ ಕೊಟ್ಟದ್ದೇ ತಪ್ಪಾಯ್ತು" ಅನ್ನುತ್ತಾರೆ.

ಕಪ್ ಕೊಟ್ಟದ್ದು ನಿಜ. ಹತ್ತನೆಯವರೆಗೆ ಮಸ್ಕತ್ತಿನ ಇಂಡಿಯನ್ ಸ್ಕೂಲಿನಲ್ಲಿ ಓದಿ, ಮುಂದಿನ ಓದಿಗೆ ಮಂಗಳೂರಿಗೆ ಹೋದವಳು ನಾನು. ಅಲ್ಲಿ ಚರ್ಚಾಸ್ಪರ್ಧೆಯ ತಂಡ ಸೇರಿದೆ. ಎದುರಾಳಿ ಯಾವ ಅಂಶವನ್ನು ಎಲ್ಲಕ್ಕಿಂತ ಹೆಮ್ಮೆಯಿಂದ ಹೇಳುತ್ತಾನೋ ಅದನ್ನೇ ಮೊದಲು ಹಿಡಿಯಬೇಕು, ಯಾಕೆಂದರೆ ಅವನು ಅದನ್ನು ಒಮ್ಮೆಯೂ ಪರೀಕ್ಷಿಸಿ ನೋಡಿರುವುದಿಲ್ಲ ಎಂದು ನಮಗೆ ಕಲಿಸಿದ್ದರು. ಈಗ ಮಸ್ಕತ್ತಿನ ಒಂದು ಸರಕು ಸಾಗಣೆ ಕಂಪನಿಯಲ್ಲಿ ಕೆಲಸ. ನನ್ನ ತಂದೆ, ಉಪ್ಪ, ಬರ್ಕಾ ಎಂಬ ಕಡಲ ಬದಿಯ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದಾರೆ. ಅಜ್ಜ, ಎಂದರೆ ಉಪ್ಪನ ಉಪ್ಪ, ನಮ್ಮ ಜೊತೆಗೇ ಇದ್ದಾರೆ. ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ವಾದಕ್ಕೆ ನಿಂತರೆ ಮಾತ್ರ ಅಜ್ಜ ಕನ್ನಡಕ್ಕೆ ಹೊರಳುತ್ತಾರೆ. ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತವರು. ನ್ಯಾಯ ಕೇಳುವುದಕ್ಕೆ ಅದೇ ಸರಿಯಾದ ಭಾಷೆ ಎಂದು ಅವರ ನಂಬಿಕೆ.

ಮುತ್ತಜ್ಜನ ಸಾವಿನ ಕಥೆಯನ್ನು ಅಜ್ಜ ಎಲ್ಲರಿಗೂ ಒಂದೇ ಥರ ಹೇಳುವುದಿಲ್ಲ. ನನ್ನ ಸಂಶಯ ಶುರುವಾದದ್ದು ಅಲ್ಲಿಂದ. ಅಂಗಡಿಗೆ ಬರುವ ಬರ್ಕಾದ ಒಮಾನಿಗಳ ಮುಂದೆ, "ನನ್ನ ತಂದೆ ಸುಲ್ತಾನರ ಸೇವೆಯಲ್ಲಿ ತೀರಿಕೊಂಡವರು" ಎನ್ನುತ್ತಾರೆ. ನಮ್ಮವರ ಸಂಘದ ಇಫ್ತಾರ್ ಕೂಟದಲ್ಲಿ ಗುಂಡು ಬರುತ್ತದೆ: ಮುಂದಿನ ಸಾಲಿನ ಸೈನಿಕರಿಗೆ ಕತ್ತೆಯ ಮೇಲೆ ರೊಟ್ಟಿ ಹೇರಿಕೊಂಡು ಹೋಗುವಾಗ ಬೆಟ್ಟದ ಮೇಲಿನಿಂದ ಹಾರಿಬಂದ ಗುಂಡು. ಊರಿಗೆ ಹೋದಾಗ ಬಸ್ಸಿನಲ್ಲೋ ಕಚೇರಿಯಲ್ಲೋ ಯಾರಾದರೂ ನಮ್ಮ ಹೆಸರು ಕೇಳಿ, ಮುಖ ನೋಡಿ, "ನೀವೆಲ್ಲ ಎಲ್ಲಿಯವರು" ಎಂದರೆ ಮುತ್ತಜ್ಜ ಇದ್ದಕ್ಕಿದ್ದಂತೆ ಪರದೇಶದಲ್ಲಿ ಮಡಿದ ಭಾರತೀಯರಾಗುತ್ತಾರೆ. ಮಂಗಳೂರಿನಲ್ಲಿರುವ ಅಜ್ಜನ ತಂಗಿಯನ್ನು ಕೇಳಿದರೆ ಅದು ಜ್ವರ. ಮುತ್ತಜ್ಜ ಎಲ್ಲಿ ತೀರಿಕೊಂಡರೋ ಆ ಬೆಟ್ಟದ ಬುಡದ ಹಳ್ಳಿಯಲ್ಲಿ ಮಾತ್ರ ಅಜ್ಜ ಸೈನ್ಯದ ಸುದ್ದಿಯನ್ನೇ ಎತ್ತುವುದಿಲ್ಲ. "ವ್ಯಾಪಾರಕ್ಕೆ ಬಂದವರು, ದಾರಿಯಲ್ಲಿ ಹೋಗಿಬಿಟ್ಟರು," ಅಷ್ಟೇ. ಒಬ್ಬ ಮನುಷ್ಯ ಐದು ಕಡೆ ಐದು ಥರ ಸತ್ತರೆ, ಕಡಿಮೆಯೆಂದರೂ ನಾಲ್ಕು ಸಾವು ಸುಳ್ಳು. ಲೆಕ್ಕಕ್ಕೆ ಯಾವ ಭಾಷೆಯಾದರೂ ಸರಿ.

ಆದರೆ ಅಜ್ಜನ ಹತ್ತಿರ ಒಂದು ಪುರಾವೆ ಇತ್ತು, ಕಬರ್, ಮುತ್ತಜ್ಜನ ಗೋರಿ. ಎಪ್ಪತ್ತರ ದಶಕದ ಕೊನೆಗೆ ಅಜ್ಜ ಕೆಲಸ ಹುಡುಕಿಕೊಂಡು ಒಮಾನಿಗೆ ಬಂದಾಗ ಇಪ್ಪತ್ತು ದಾಟಿದ ಹುಡುಗ. ಶುಕ್ರವಾರ ರಜೆ ಸಿಕ್ಕಾಗ ಪಿಕಪ್ಪುಗಳ ಹಿಂದೆ ಕೂತು ಬೆಟ್ಟದ ಬುಡದ ಹಳ್ಳಿಗಳಿಗೆ ಹೋಗಿ, 'ಹಿಂದ್'ನಿಂದ ಬಂದು ಇಲ್ಲಿ ತೀರಿಕೊಂಡ ಒಬ್ಬ ಹಿಂದಿಯ ಕಬರ್ ಎಲ್ಲಿ ಎಂದು ಕೇಳುತ್ತಿದ್ದರಂತೆ. 'ಹಿಂದ್' ಎಂದರೆ ಇಂಡಿಯಾ. ಇಲ್ಲಿ ನಾವೆಲ್ಲ ಹಿಂದಿಗಳು. ಎಷ್ಟೋ ಊರುಗಳಲ್ಲಿ ತಲೆಯಾಡಿಸಿ ಕಳಿಸಿದರು. ಒಂದು ಊರಿನಲ್ಲಿ ಅಜ್ಜನಿಗಿಂತ ತುಸು ದೊಡ್ಡವನಾದ ಒಬ್ಬ ಯುವಕ, ಬಾ ಎಂದು ಕರೆದುಕೊಂಡು ಹೋಗಿ ಒಂದು ಕಬರ್ ತೋರಿಸಿದ. ಅಂದಿನಿಂದ ಪ್ರತಿ ವರ್ಷ ಈದ್ ಕಳೆದ ವಾರ ನಮ್ಮ ಮನೆಯವರು ಅಲ್ಲಿಗೆ ಹೋಗುತ್ತೇವೆ. ಗಂಡಸರು ಒಳಗೆ ಹೋಗಿ ಕುರಾನಿನ ಯಾಸೀನ್ ಅಧ್ಯಾಯ ಓದುತ್ತಾರೆ. ನಾನು, ಉಮ್ಮ ಗೋಡೆಯ ಹೊರಗೆ ಕಾರಿನ ಪಕ್ಕ ನಿಲ್ಲುತ್ತೇವೆ. ಮೊದಮೊದಲು ಅಜ್ಜ ಊದುಬತ್ತಿ ಹಚ್ಚುತ್ತಿದ್ದರಂತೆ. ಆ ಊರಿನಲ್ಲಿ ಕಬರಿಗೆ ಹೂವಿಲ್ಲ, ಹೆಸರಿಲ್ಲ, ಏನೂ ಇಲ್ಲ. ಯುವಕ ಬತ್ತಿಯನ್ನು ಮಣ್ಣಿಗೆ ಒತ್ತಿ ಆರಿಸುತ್ತಿದ್ದ.

ಹೆಸರಿಲ್ಲದ ಕಬರ್ ನಮ್ಮ ಮುತ್ತಜ್ಜನದೇ ಎಂದು ಹೇಗೆ ಗೊತ್ತು? ಕಾಲೇಜಿನ ಮೊದಲ ರಜೆಯಲ್ಲಿ ನಾನು ಕೇಳಿದ್ದೆ. ಅಜ್ಜ ಇದಕ್ಕೇ ಕಾದಿದ್ದವರಂತೆ ಕನ್ನಡಕ್ಕೆ ಹೊರಳಿದರು. "ಮೀಸಾನ್ ಕಲ್ಲು ಲೆಕ್ಕ ಮಾಡು ಮಾರಾಯ್ತಿ. ಉಳಿದವರಿಗೆ ಎರಡು, ತಲೆಗೊಂದು ಕಾಲಿಗೊಂದು. ನನ್ನ ಉಪ್ಪನಿಗೆ ಮೂರು ಉಂಟು. ಸುಮ್ಮನೆ ಇಡ್ತಾರಾ? ಅದು ಮರ್ಯಾದೆ."

ನಮ್ಮೂರ ಮಸೀದಿಯ ಹಿತ್ತಲಲ್ಲಿ ಗಂಡಿಗಾಗಲಿ ಹೆಣ್ಣಿಗಾಗಲಿ ಎರಡೇ ಮೀಸಾನ್ ಕಲ್ಲು ನೆಡುವುದು. ಮೂರನೆಯದನ್ನು ನಾವು ಯಾರೂ ಕಂಡವರಲ್ಲ. ಆದ್ದರಿಂದ ಅದು ದೊಡ್ಡ ಗೌರವವೇ ಇರಬೇಕೆಂದು ಇಡೀ ಕುಟುಂಬ ತೀರ್ಮಾನಿಸಿತ್ತು. ಹಡಗಿನಿಂದ ಬಂದ ಅತಿಥಿಯೆಂದು ಬೆಟ್ಟದವರೇ ಇಟ್ಟದ್ದು ಎಂದು ಕೆಲವರು, ಬ್ರಿಟಿಷ್ ಅಧಿಕಾರಿ ಹೇಳಿ ಇಡಿಸಿದ್ದು ಎಂದು ಕೆಲವರು. ನಿಕಾಹ್ ಮಾತುಕತೆಗಳಲ್ಲೂ ಆ ಕಲ್ಲಿನ ಪ್ರಸ್ತಾಪ ಬಂದದ್ದುಂಟು.

ಈ ವರ್ಷ ಆ ಕಬರಿನ ಮೇಲೆ ಒಂದು ನಿರ್ಧಾರವೇ ನಿಂತಿತು. ಉಪ್ಪ ಅಂಗಡಿ ಬಿಟ್ಟುಕೊಟ್ಟು ಊರಿಗೆ ಮರಳುವುದೆಂದು ಮಾಡಿದ್ದರು, ನಾನು ಮಾತ್ರ ಕೆಲಸಕ್ಕಾಗಿ ಉಳಿಯುವುದೆಂದು. ಅಜ್ಜನ ಹೃದಯ ಸೋತಿತ್ತು. ವಿಮಾನ ಹತ್ತಿಸುವುದಿದ್ದರೆ ಈಗಲೇ ಹತ್ತಿಸಿ, ಆಮೇಲೆ ಕಷ್ಟ ಎಂದು ಡಾಕ್ಟರು ಉಪ್ಪನಿಗೆ ಹೇಳಿದ್ದರು. ಅಜ್ಜ ಪಕ್ಕದ ಕುರ್ಚಿಯಲ್ಲೇ ಕೂತು ಕೇಳಿಸಿಕೊಂಡಿದ್ದರು. ಮನೆಗೆ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು: ತನ್ನನ್ನು ತನ್ನ ಉಪ್ಪನ ಪಕ್ಕ ಮಣ್ಣು ಮಾಡಬೇಕು. ಉಪ್ಪ ಸಿಟ್ಟಾದರು. ಪರದೇಶಿಗಳನ್ನು ಮಣ್ಣು ಮಾಡಲಿಕ್ಕೆ ಪೇಟೆಯ ಹೊರಗೆ ಬೇರೆಯೇ ಜಾಗ ಉಂಟು, ಹಳ್ಳಿಯವರು ತಮ್ಮ ಹಿರಿಯರ ನಡುವೆ ಯಾವುದೋ ಅಂಗಡಿಯವನನ್ನು ಮಲಗಿಸಲು ಬಿಡುತ್ತಾರೆಯೇ, ಇಲ್ಲಿ ಐವತ್ತು ವರ್ಷ ಇದ್ದರೂ ನಾವು ವೀಸಾದ ಮೇಲೆ ಇರುವವರು ಎಂದರು. ಕೊನೆಗೆ ಅಜ್ಜ ಒಂದು ಪಂದ್ಯ ಕಟ್ಟಿದರು.

"ಆ ಊರಿನವರು ಇಲ್ಲ ಅಂದ್ರೆ ನಾನು ನಿನ್ನ ಹಿಂದೆಯೇ ವಿಮಾನ ಹತ್ತುತ್ತೇನೆ, ಒಂದು ಮಾತು ಆಡುದಿಲ್ಲ. ಹೌದು ಅಂದ್ರೆ ನನ್ನನ್ನು ಯಾರೂ ಎಳಿಬಾರ್ದು. ಇವಳ ಜೊತೆ ಇಲ್ಲೇ ಇರ್ತೇನೆ."

ಉಪ್ಪ ತಮ್ಮ ವೀಸಾ ರದ್ದು ಮಾಡದೆ ಹೋದರೆ ಅದರ ಆಧಾರದ ಮೇಲೆ ಅಜ್ಜ ವರ್ಷದ ಕೊನೆಯವರೆಗೆ ಇರಬಹುದಿತ್ತು. ಡಾಕ್ಟರ ಮಾತಿನ ಧಾಟಿ ನೋಡಿದರೆ ಅದು ಧಾರಾಳವಾಯಿತು. ಉಪ್ಪ ಒಪ್ಪಿದರು. ಒಪ್ಪಿದ್ದು ಯಾಕೆಂದು ಅಡುಗೆಮನೆಯಲ್ಲಿ ನನಗೆ ಮಾತ್ರ ತಿಳಿಸಿದರು. "ಅವರು ಕೊಡ್ಲಿಕ್ಕಿಲ್ಲ. ನೀನೇ ಕರ್ಕೊಂಡು ಹೋಗು. ಇಲ್ಲ ಅಂತ ಹೇಳಿದ್ದನ್ನು ಅಜ್ಜನಿಗೆ ನೋವಾಗದ ಹಾಗೆ ದಾಟಿಸು." ಅಜ್ಜನದು ಅಂಗಡಿಯ ಅರಬ್ಬಿ, ಸಾಮಾನು ಮಾರಲಿಕ್ಕೆ ಸಾಕು. ನನ್ನದು ಆಫೀಸಿನ ಅರಬ್ಬಿ, ತುಸು ಮೇಲು.

ಹೊರಡುವ ಮೊದಲ ವಾರ ಇನ್ನೊಂದು ಸಂಗತಿ ನಡೆಯಿತು. ನನ್ನ ಪಕ್ಕದ ಮೇಜಿನವಳು ಬೆಟ್ಟದ ಸೀಮೆಯ ಒಮಾನಿ, ನನ್ನದೇ ವಯಸ್ಸು. ಸೋದರತ್ತೆ ತೀರಿಹೋಗಿ ರಜೆ ಮುಗಿಸಿ ಬಂದಿದ್ದಳು. ಕಹ್ವಾ ಕಾಫಿ ಕುಡಿಯುತ್ತ ಮಣ್ಣು ಮಾಡಿದ ದಿನದ ವಿವರ ಹೇಳುತ್ತಿದ್ದಾಗ, ಸಮಾಧಾನದ ಮಾತಿಗೆಂದು ನಾನೂ ನಮ್ಮ ಮನೆಯ ಕಥೆ ತೆಗೆದೆ. ನಿಮ್ಮ ಸೀಮೆಯಲ್ಲೇ ನಮ್ಮ ಮುತ್ತಜ್ಜನ ಕಬರೂ ಇದೆ, ಮೂರು ಕಲ್ಲು ಇಟ್ಟು ಗೌರವ ಮಾಡಿದ್ದಾರೆ ಎಂದೆ. ಅವಳು ನಗು ತಡೆಯಲು ಬಾಯಿಗೆ ಕೈ ಹಿಡಿದಳು. ಆಮೇಲೆ ಕೈ ತೆಗೆದು, ತುಂಬ ಮೆತ್ತಗೆ ಕೇಳಿದಳು. "ನಿನ್ನ ಮುತ್ತಜ್ಜ ಗಂಡಸು ತಾನೇ?"

ಅವರ ಕಡೆ ಗಂಡಸಿಗೆ ಎರಡು ಕಲ್ಲು, ಹೆಂಗಸಿಗೆ ಮೂರು. ಮೂರನೆಯದನ್ನು ನಡುವೆ ಇಡುತ್ತಾರೆ. ಅವಳ ಅತ್ತೆಗೂ ಮೊನ್ನೆ ಮೂರೇ ಇಟ್ಟದ್ದು.

ಒಬ್ಬಳ ಹೇಳಿಕೆಯನ್ನು ನಂಬಿ ತೀರ್ಪು ಕೊಡುವವಳಲ್ಲ ನಾನು. ಅಕೌಂಟ್ಸ್‌ನಲ್ಲಿದ್ದ ಇನ್ನೊಬ್ಬನನ್ನು ಕೇಳಿದೆ. ಅವನು ಕರಾವಳಿಯವನು, ನಮ್ಮಲ್ಲಿ ಅಂಥದ್ದೇನಿಲ್ಲ ಎಂದ. ಗೋದಾಮಿನ ಮೇಲ್ವಿಚಾರಕರು ಬೆಟ್ಟದ ಕಡೆಯವರು, ಹೌದು ಮೂರೆಂದರೆ ಹೆಣ್ಣು ಎಂದರು. ಕೇಳುತ್ತಿರುವುದು ಯಾಕೆಂದು ನನ್ನನ್ನೇ ತಿರುಗಿ ನೋಡಿದರು. ಅಲ್ಲಿಗೆ ಪದ್ಧತಿ ಇರುವುದು ನಿಜ, ಆ ಹಳ್ಳಿಯಲ್ಲಿ ಇದೆಯೋ ಗೊತ್ತಿಲ್ಲ. ಕಲ್ಲು ಮೂರೇ ಎಂಬುದಕ್ಕೂ ಅಜ್ಜನ ಮಾತೇ ಸಾಕ್ಷಿ. ಗೋಡೆಯ ಹೊರಗೆ ನಿಂತವಳಿಗೆ ಕಂಡದ್ದೇನು? ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಮನೆಯಲ್ಲಿ ಬಾಯಿ ಬಿಡಲಿಲ್ಲ. ಆದರೆ ತಲೆಯೊಳಗೆ ಆಪಾದನೆಗಳು ಏಳುತ್ತಲೇ ಇದ್ದವು. ಆ ಯುವಕ ಸುಳ್ಳು ಹೇಳಿ ಅಜ್ಜನನ್ನು ಸಾಗಹಾಕಿದನೇ? ತನ್ನ ಊರಿಗೆ ಬಾಂಬು ಹಾಕಿದವರಿಗೆ ರೊಟ್ಟಿ ಬೇಯಿಸಿದವನ ಮಗ ಎಂದು ತಿಳಿದು ಆಟ ಕಟ್ಟಿದನೇ? ಇಲ್ಲ, ಅಜ್ಜನಿಗೇ ಇದೆಲ್ಲ ಗೊತ್ತಿತ್ತೇ? ಐವತ್ತು ವರ್ಷ ಈ ನೆಲದಲ್ಲಿದ್ದ ಮನುಷ್ಯನ ಕಿವಿಗೆ ಇದು ಒಮ್ಮೆಯೂ ಬಿದ್ದಿಲ್ಲವೆಂದರೆ ಹೇಗೆ ನಂಬುವುದು?

ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ಹೊರಟೆವು. ಅಜ್ಜ ಬರ್ಕಾದ ಹಲ್ವದ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ದಾರಿಯಲ್ಲಿ ನಾನು, "ಅಜ್ಜ, ಅವರು ಕೇಳಿದರೆ ಮುತ್ತಜ್ಜನ ಕೆಲಸ ಏನೆಂದು ಹೇಳುತ್ತೀರಿ?" ಎಂದೆ. ಎಂದಿನ ಹಾಗೆ ವ್ಯಾಪಾರ ಎಂದರು. ಜಾಗ ಕೇಳಲು ಹೋಗುವಾಗಲೂ ಸುಳ್ಳೇ ಎಂದೆ. ಅಜ್ಜ ಕಿಟಕಿ ನೋಡುತ್ತ ಕನ್ನಡಕ್ಕೆ ಬಂದರು. "ಹಸಿದವರಿಗೆ ಬೇಯ್ಸಿ ಹಾಕಿದ್ದು. ಆ ಹಸಿದವರ ಕೈಯಲ್ಲಿ ಕೋವಿ ಇದ್ರೆ ಅದು ಅವರ ತಪ್ಪಾ? ಅದನ್ನು ಅರಬ್ಬಿಯಲ್ಲಿ ಹೇಳ್ಲಿಕ್ಕೆ ನನಗೆ ಬರುದಿಲ್ಲ, ಅದಕ್ಕೇ ವ್ಯಾಪಾರ ಅಂತ ಹೇಳುದು. ನಿನಗೆ ಬರ್ತದಲ್ಲ, ನೀನು ಹೇಳು." ನಾನು ಗೇರ್ ಬದಲಿಸಿದೆ. ಆ ವಾಕ್ಯ ನನ್ನ ಅರಬ್ಬಿಯಲ್ಲೂ ಕೂರುತ್ತಿರಲಿಲ್ಲ.

ಕಬರ್ ತೋರಿಸಿದ ಯುವಕ ಈಗ ಎಂಬತ್ತರ ಹತ್ತಿರದ ಮುದುಕ. ಖರ್ಜೂರದ ತೋಟದ ಅಂಚಿನ ಮನೆ. ಪಕ್ಕದಲ್ಲಿ ಮಣ್ಣಿನ ಹಳೆಯ ಮನೆಯೊಂದು ಅರ್ಧ ಕುಸಿದು ನಿಂತಿದೆ. ನಾನು ಚಿಕ್ಕವಳಿದ್ದಾಗಿನಿಂದಲೂ ಅದು ಹಾಗೇ ಇದೆ. ಈ ಸಲ ಅದು ಬಿದ್ದದ್ದು ಹೇಗೆಂದು ಕೇಳಿದೆ. ಮುದುಕರು ಕಹ್ವಾ ಬಗ್ಗಿಸುತ್ತ ಬೆರಳನ್ನು ಆಕಾಶದತ್ತ ಎತ್ತಿ, "ವಿಮಾನ" ಎಂದರು. ಅಜ್ಜನಿಗೆ ಆ ಅರಬ್ಬಿ ಪದ ಗೊತ್ತು. ತಟ್ಟೆಯ ಖರ್ಜೂರಗಳಲ್ಲಿ ಒಂದನ್ನು ಆರಿಸುವುದಕ್ಕೆ ಅವರು ಬಹಳ ಹೊತ್ತು ತೆಗೆದುಕೊಂಡರು.

ಆಮೇಲೆ ಜಾಗ ಕೇಳಿದರು. ನಾನು ದಾಟಿಸಬೇಕಾಗಿಯೇ ಬರಲಿಲ್ಲ. ಅಂಗಡಿಯ ಅರಬ್ಬಿಯಲ್ಲೇ, ಎದೆಯ ಮೇಲೆ ಕೈಯಿಟ್ಟು, ನನಗೆ ಕಾಯಿಲೆ, ನನ್ನ ತಂದೆಯ ಹತ್ತಿರ ನನಗೆ ಜಾಗ ಕೊಡುತ್ತೀರಾ ಎಂದರು. ಮುದುಕರು ತಡಮಾಡಲಿಲ್ಲ. ಜಾಗ ಇದೆ ಎಂದರು. ಊರಿನ ಉಳಿದವರನ್ನು ಕೇಳಬೇಡವೇ ಎಂದು ನಾನು ಅಡ್ಡಬಾಯಿ ಹಾಕಿದೆ. ಅವರನ್ನು ನಾನು ಒಪ್ಪಿಸುತ್ತೇನೆ, ಕಾಗದದ ಕೆಲಸ ನೀನು ನೋಡಿಕೋ ಎಂದರು. ಉಪ್ಪ ಅಷ್ಟು ಖಾತ್ರಿಯಾಗಿ ಎಣಿಸಿದ್ದ 'ಇಲ್ಲ' ಬರಲೇ ಇಲ್ಲ. ಅಜ್ಜ ಮುದುಕರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ನನಗಾದರೋ ಸಂಶಯ ಇಮ್ಮಡಿಸಿತು. ಈ ದೇಶದಲ್ಲಿ ನಾವು ಕೇಳಿದ್ದು ಯಾವುದೂ ಒಂದು ಕಪ್ ಕಹ್ವಾದೊಳಗೆ ಸಿಕ್ಕಿದ್ದು ನನಗೆ ನೆನಪಿಲ್ಲ.

ಕಬರುಗಳಿರುವ ದಿಬ್ಬ ಮನೆಯಿಂದ ಹತ್ತಿರ. ಅಜ್ಜನ ಮೊಣಕಾಲು ಆ ಏರಿಗೆ ಬಗ್ಗುತ್ತಿರಲಿಲ್ಲ, ಹಿಡಿದುಕೊಳ್ಳಲು ಉಪ್ಪ ಇರಲಿಲ್ಲ. ಹಾಗಾಗಿ ಮೊದಲ ಸಲ ನಾನು ಗೋಡೆಯ ಒಳಗೆ ಕಾಲಿಟ್ಟೆ. ಮುದುಕರು ನೋಡಿದರು, ಬೇಡ ಎನ್ನಲಿಲ್ಲ.

ಅಜ್ಜ ಹೇಳಿದ್ದು ನಿಜ. ಮೂರೇ ಕಲ್ಲು. ನಡುವಿನದು ಉಳಿದೆರಡಕ್ಕಿಂತ ಗಿಡ್ಡ. ಆದರೆ ಆ ಸಾಲಿನಲ್ಲೇ ಮತ್ತೊಂದಕ್ಕೂ ಮೂರು. ಹಿಂದಿನ ಸಾಲಿನಲ್ಲಿ ಎರಡು ಕಲ್ಲಿನವೂ ಮೂರು ಕಲ್ಲಿನವೂ ಬೆರೆತು ಇದ್ದವು. ಯಾವ ಊರಿನಲ್ಲಾದರೂ ಗಂಡಸರು ಹೆಂಗಸರು ಸತ್ತಿರುವ ಪ್ರಮಾಣದಲ್ಲೇ, ಸರಿಸುಮಾರು ಅರ್ಧಕ್ಕರ್ಧ. ಇಷ್ಟು ವರ್ಷ ಇಲ್ಲಿಗೆ ಬಂದವರು ಯಾರೂ ಪಕ್ಕದ ಕಬರ್ ನೋಡಲೇ ಇಲ್ಲವೇ?

ಅಜ್ಜ ಓದಿ ಮುಗಿಸಿ ಮುಖ ಸವರಿಕೊಂಡ ಮೇಲೆ ಕೇಳಿದೆ. ಕೇಳದೆ ಇರಬಹುದಿತ್ತು. ಕೇಳಿದೆ. "ಅಜ್ಜ, ಆ ಕಡೆಯೂ ಮೂರು ಕಲ್ಲು ಉಂಟಲ್ಲ. ಅಲ್ಲಿಯೂ."

ಅಜ್ಜ ತಿರುಗಿ ನೋಡಿದರು. ಸಾಲಿನುದ್ದಕ್ಕೂ ಕಣ್ಣು ಹಾಯಿಸಿದರು, ನಿಧಾನವಾಗಿ, ಅಂಗಡಿಯ ಕಪಾಟು ನೋಡುವ ಹಾಗೆ. "ಹೌದಲ್ಲ," ಎಂದರು. "ಎಷ್ಟು ಮಂದಿ ದೊಡ್ಡವರು ಮಲಗಿದ್ದಾರೆ ನೋಡು. ಅವರ ಎಡೆಯಲ್ಲಿ ನನ್ನ ಉಪ್ಪನೂ."

ಅವರ ಮುಖದಲ್ಲಿ ಏನಾದರೂ ಕದಲುತ್ತದೆಯೇ ಎಂದು ನಾನು ಕಾದು ನೋಡಿದೆ. ಏನೂ ಕದಲಲಿಲ್ಲ. ಗೊತ್ತಿದ್ದವರ ಮುಖವೂ ಹೀಗೆಯೇ ಇರುತ್ತದೆ, ಗೊತ್ತಿಲ್ಲದವರದೂ ಹೀಗೆಯೇ. ಚರ್ಚೆಯ ಕಪ್ ಗೆದ್ದು ನನಗೆ ಆದ ಲಾಭ ಇಷ್ಟೇ.

ಅವರನ್ನು ಮೆಲ್ಲನೆ ಇಳಿಸಿ ಕಾರಿನಲ್ಲಿ ಕೂರಿಸಿದೆ. ಕೂತ ಕೂಡಲೇ ಅವರು ಉಪ್ಪನಿಗೆ ಫೋನ್ ಹಚ್ಚಿದರು. ಜಾಗ ಕೊಟ್ಟರು, ಒಂದೇ ಮಾತಿಗೆ ಕೊಟ್ಟರು, ನನ್ನ ಟಿಕೆಟ್ ತೆಗೀಬೇಡ ಎಂದು ಬ್ಯಾರಿಯಲ್ಲಿ ಹೇಳುವುದು ಕೇಳಿಸಿತು. ಸ್ವರದಲ್ಲಿ ಬಹಳ ದಿನಗಳಿಂದ ಇಲ್ಲದ ತೂಕವಿತ್ತು. ನಾನು ಜಾಗ ಗುರುತು ಮಾಡಿಕೊಂಡು ಬರುತ್ತೇನೆಂದು ಮತ್ತೆ ಏರು ಹತ್ತಿದೆ.

ಮುದುಕರು ಅಲ್ಲೇ ನಿಂತಿದ್ದರು. ಕೋಲಿನಿಂದ ನೆಲಕ್ಕೆ ಗೆರೆ ಎಳೆದು ತೋರಿಸಿದರು: ಇಲ್ಲಿ, ನಿನ್ನ ಅಜ್ಜನಿಗೆ. ಮೂರು ಕಲ್ಲಿನ ಕಬರಿಗೆ ತಾಗಿದ ಹಾಗೆ ಒಬ್ಬ ಮನುಷ್ಯ ಮಲಗುವಷ್ಟು ನೆಲ. ನಾನು ಸುತ್ತುಬಳಸಲಿಲ್ಲ. ನಿಮ್ಮ ಊರಿನಲ್ಲಿ ಮೂರು ಕಲ್ಲು ಯಾರಿಗೆ ಇಡುತ್ತಾರೆ ಎಂದೆ.

"ಹೆಂಗಸರಿಗೆ," ಎಂದರು. ನಿಮ್ಮ ಊರಿನಲ್ಲಿ ನೀರಿಗೆ ಏನನ್ನುತ್ತಾರೆ ಎಂದು ಕೇಳಿದ್ದರೂ ಅದೇ ಸ್ವರದಲ್ಲಿ ಹೇಳುತ್ತಿದ್ದರು.

ಹಾಗಾದರೆ ಅಜ್ಜನಿಗೆ ಯಾಕೆ ಹೇಳಲಿಲ್ಲ ಎಂದೆ.

"ಅವನು ಕೇಳಲಿಲ್ಲ. ಅಳುತ್ತ ಬಂದ. ತಂದೆಯ ಕಬರ್ ಎಲ್ಲಿ ಎಂದ. ಬೆಟ್ಟಕ್ಕೆ ಯಾರು ಯಾರೋ ಬಂದರು, ಯಾರನ್ನು ಎಲ್ಲಿ ಹೂತರೋ ಯಾರು ಬಲ್ಲರು. ನಾನು ಇದನ್ನು ತೋರಿಸಿದೆ. ಓದಿದ. ಮರುವರ್ಷ ಮತ್ತೆ ಬಂದ." ಬಾಗಿ ನಡುವಿನ ಗಿಡ್ಡ ಕಲ್ಲಿನ ಧೂಳನ್ನು ತಮ್ಮವರ ತಲೆ ಸವರುವ ಹಾಗೆ ಒರೆಸಿ, "ಅವನಷ್ಟು ಚೆನ್ನಾಗಿ ಇಲ್ಲಿ ಯಾರೂ ಓದುವುದಿಲ್ಲ," ಎಂದರು.

ವಾದ ಗೆದ್ದೆ ಎನ್ನುವುದಾದರೆ ಅಲ್ಲಿಗೇ ಗೆದ್ದಿದ್ದೆ. ಕೆಳಗೆ ಹೋಗಿ ಅಜ್ಜನಿಗೆ ಒಂದು ಮಾತು ಹೇಳಿದರೆ ಸಾಕಿತ್ತು. ಉಪ್ಪ ಅಜ್ಜನ ಟಿಕೆಟ್ ತೆಗೆಯಬಹುದಿತ್ತು, ಐದು ಥರದ ಸಾವುಗಳಿಗೂ ಒಟ್ಟಿಗೆ ತೆರೆ ಬೀಳುತ್ತಿತ್ತು. ಆದರೆ ಕಣ್ಣು ಕೋಲಿನ ಗೆರೆಯ ಮೇಲೇ ನಿಂತಿತು. ದಿಬ್ಬದ ತುಂಬ ಕಬರುಗಳು ಒಂದಕ್ಕೊಂದು ಒತ್ತಿಕೊಂಡಿದ್ದವು. ಸಾಲು ತುಂಬಿದ ಮೇಲೆ ಊರಿನವರು ಗೋಡೆ ಒಡೆದು ಆ ಬದಿಗೆ ವಿಸ್ತರಿಸಿದ್ದೂ ಕಾಣುತ್ತಿತ್ತು. ಅಷ್ಟು ಇಕ್ಕಟ್ಟಿನ ನಡುವೆ, ವಿಮಾನದ ಕಾಲದ ಈ ಹಳೆಯ ಸಾಲಿನಲ್ಲಿ, ಈ ಹೆಂಗಸಿನ ಪಕ್ಕದಲ್ಲಿ ಮಾತ್ರ ಒಬ್ಬರ ಜಾಗ ಖಾಲಿ ಇತ್ತು. ಅದನ್ನು ಯಾರಿಗೂ ಕೊಡದೆ ಯಾರೋ ಕಾದಿದ್ದರು.

ಕೆಳಗಿನಿಂದ ಅಜ್ಜ ಹಾರ್ನ್ ಒತ್ತಿದರು. ಮುದುಕರು ಕೋಲು ಊರಿ ಹೊರಡಲು ತಿರುಗಿದರು. ಅವರಿಗೆ ಅಡ್ಡವಾಗಿ ನಿಂತು, ನನ್ನ ಆಫೀಸಿನ ಅರಬ್ಬಿಯಲ್ಲಿ ಇದ್ದಷ್ಟು ಮರ್ಯಾದೆಯನ್ನೆಲ್ಲ ಸೇರಿಸಿ ಕೇಳಿದೆ:

"ಇಷ್ಟು ವರ್ಷ ಈ ಜಾಗವನ್ನು ಯಾರಿಗೆಂದು ಬಿಟ್ಟುಕೊಂಡಿದ್ದಿರಿ?"